ನೌಕಾ ಅಕಾಡೆಮಿ ಮತ್ತು ತಮ್ಮನ ಬಲಗಿವಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಮ್ಮನಿಗೆ ಆಗ ಹತ್ತು ವರ್ಷವೋ ಹನ್ನೊಂದೋ, ಅದು ಫೆಬ್ರವರಿಯೋ ಮಾರ್ಚೋ, ಹೊಳೆಯಲ್ಲಿ ನಿಂತಿದ್ದ ದೋಣಿ ನಮ್ಮದೋ ಪಕ್ಕದ ಮನೆಯವರದೋ, ಯಾವುದೂ ನನಗೆ ಖಚಿತವಿಲ್ಲ. ಎಂಟನೇ ಇಯತ್ತೆಯಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆ ವರ್ಷದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಪರೀಕ್ಷೆಯ ವೇಳಾಪಟ್ಟಿ ಇದೆ, ಗೆಳತಿಯ ಮೇಲಿನ ಸಿಟ್ಟು ಇದೆ, ಒಂದು ಸಂಜೆ ತಿಂದ ಕಲ್ಲಂಗಡಿಯ ರುಚಿಯ ಬಗ್ಗೆ ಅರ್ಧ ಪುಟ ಇದೆ. ತಮ್ಮನ ಕಿವಿಗೆ ಬಿದ್ದ ಏಟಿನ ಬಗ್ಗೆ ಒಂದು ಸಾಲೂ ಇಲ್ಲ. ಅದು ಬರೆಯುವಷ್ಟು ದೊಡ್ಡದು ಎಂದು ಆಗ ಅನ್ನಿಸಲಿಲ್ಲವೋ, ಅಥವಾ ಬರೆಯಲು ಹೆದರಿದೆನೋ ತಿಳಿಯದು.

ಆ ಏಟಿನಿಂದ ಎಂಟು ವರ್ಷಗಳ ನಂತರ ತಮ್ಮನಿಗೆ ನೌಕಾಪಡೆಯ ಅಧಿಕಾರಿಗಳ ತರಬೇತಿ ಅಕಾಡೆಮಿಯ ಬಾಗಿಲು ಮುಚ್ಚಿತು. ಏಟು ಕೊಟ್ಟದ್ದು ಅಪ್ಪ ಎಂದು ಮನೆಯಲ್ಲಿ ಎಲ್ಲರೂ ನಂಬಿದರು. ಅಪ್ಪನೂ ಹಾಗೆಯೇ ನಂಬಿಕೊಂಡು ಸತ್ತ. ಅದು ನನ್ನ ಕೈ ಇರಬಹುದು ಎಂಬ ಸಂಶಯ ನನ್ನದು.

ನಮ್ಮ ಮನೆ ಕಾಗಾಲದಲ್ಲಿ, ಅಘನಾಶಿನಿ ಸಮುದ್ರಕ್ಕೆ ಸೇರುವ ಜಾಗಕ್ಕೆ ಹತ್ತಿರ. ಅಪ್ಪ ಮೀನಿನ ದೋಣಿಯಲ್ಲಿ ತಾಂಡೇಲನಾಗಿದ್ದ. ದೋಣಿಯ ದಿಕ್ಕು, ಬಲೆ ಬಿಡುವ ಹೊತ್ತು ಎಲ್ಲ ಅವನ ಮಾತಿನ ಮೇಲೆ. ಅವ್ವಿ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದಳು. ನೀರು ಇಳಿದಾಗ ಎದೆಮಟ್ಟ ನಿಂತು, ಕಾಲಿನಿಂದ ಕೆಸರು ತಡಕಿ, ಚಿಪ್ಪು ಸಿಕ್ಕಿತು ಎಂದ ಕೂಡಲೇ ಮುಳುಗಿ ಬಾಚಿ ತರುವ ಕೆಲಸ. ದೊಡ್ಡ ಬಳಚು ಆಳದಲ್ಲಿ ಇರುತ್ತದೆ. ಅದಕ್ಕೆ ಮಕ್ಕಳೇ ಒಳ್ಳೆಯವರು, ಅವರಿಗೆ ಉಸಿರು ಹಿಡಿಯುವುದು ಆಟ. ಶಾಲೆ ಇಲ್ಲದ ದಿನ ನಾನೂ ತಮ್ಮನೂ ಹೋಗುತ್ತಿದ್ದೆವು.

ಹಾಗೆ ಮುಳುಗುವ ಮಕ್ಕಳ ಕಿವಿ ಸೋರುತ್ತಿತ್ತು. ನಮ್ಮ ಕೇರಿಯಲ್ಲಿ ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಒಳಗೆ ಹೋದ ಉಪ್ಪುನೀರು ಹೊರಗೆ ಬರುತ್ತಿದೆ, ಮಳೆ ಬಿದ್ದ ಮೇಲೆ ತಾನೇ ನಿಲ್ಲುತ್ತದೆ, ತಡೆದರೆ ತಲೆಗೆ ಏರುತ್ತದೆ ಎಂಬ ಲೆಕ್ಕ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಟ್ಟರೆ ಚಿಕಿತ್ಸೆ ಮುಗಿಯಿತು. ಕಿವಿ ಸೋರದ ಮಕ್ಕಳ ಮೇಲೇ ಹೆಂಗಸರಿಗೆ ಅನುಮಾನ. “ಎಂತದೇ, ನಿನ್ನ ಮಗನ ಕಿವಿ ಒಣಗಿ ಬೆಂಡಾಗಿದ್ಯಲ್ಲ? ಅವ ಮುಳುಗ್ತಾನೋ, ಇಲ್ಲ ದೋಣಿ ಹಿಂದೆ ಕೂತು ನಿದ್ದೆ ಹೊಡಿತಾನೋ?” ಎಂದು ಒಬ್ಬಳು ಇನ್ನೊಬ್ಬಳನ್ನು ಛೇಡಿಸುತ್ತಿದ್ದುದು ನನಗೆ ಸರಿಯಾಗಿ ನೆನಪಿದೆ. ತಮ್ಮನ ಬಲಗಿವಿ ಸೋರತೊಡಗಿದಾಗ ಅವ್ವಿಗೆ ಬೇಸರವಾಗಿರಲಿಲ್ಲ. ಸ್ವಲ್ಪ ಹೆಮ್ಮೆಯೇ ಆಗಿತ್ತೇನೋ.

ಅಕಾಡೆಮಿಯ ಆಸೆ ತಮ್ಮನಿಗೆ ಎಲ್ಲಿಂದ ಬಂತು ಎಂದು ಹೇಳುವುದು ಕಷ್ಟ. ಕಾರವಾರದ ಕಡೆ ಹೋಗುವ ಬೂದುಬಣ್ಣದ ಹಡಗುಗಳು ದೂರದಲ್ಲಿ ಕಾಣುತ್ತಿದ್ದವು. ಆದರೆ ಅವು ಊರಿನ ಎಲ್ಲ ಹುಡುಗರಿಗೂ ಕಾಣುತ್ತಿದ್ದವು. ಕುಮಟಾದಲ್ಲಿ ಪಿಯುಸಿ ವಿಜ್ಞಾನ ಓದುವಾಗ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ನೋಡಿ ಬಂದ. ಪ್ರವೇಶ ಪರೀಕ್ಷೆ, ಐದು ದಿನದ ಸಂದರ್ಶನ, ವೈದ್ಯಕೀಯ ತಪಾಸಣೆ, ಆಮೇಲೆ ಕೇರಳದಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ಗುಡ್ಡದ ಮೇಲೆ ನಾಲ್ಕು ವರ್ಷ. ಇಂಜಿನಿಯರಿಂಗ್ ಪದವಿಯೂ ಅಲ್ಲೇ, ಅಧಿಕಾರಿಯಾಗುವುದೂ ಅಲ್ಲೇ.

ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಸಂದರ್ಶನದಲ್ಲಿ ಕೇಳಬಹುದು ಎಂದು ಅಕಾಡೆಮಿಯ ಚರಿತ್ರೆಯನ್ನು ಟಿಪ್ಪಣಿ ಮಾಡಿಕೊಟ್ಟವಳು ನಾನೇ. ಸ್ವಾತಂತ್ರ್ಯ ಬಂದ ಮೊದಮೊದಲು ನಮ್ಮ ನೌಕಾಪಡೆಯ ಹುಡುಗರು ಇಂಗ್ಲೆಂಡಿಗೆ ಹೋಗಿ ಕಲಿತು ಬರಬೇಕಿತ್ತು. ಆಮೇಲೆ ಕೊಚ್ಚಿಯಲ್ಲಿ ಒಂದು ಸಣ್ಣ ಅಕಾಡೆಮಿ ಆಯಿತು. ಅದು ಗೋವಾಕ್ಕೆ ಹೋಯಿತು, ಕೊನೆಗೆ ಈ ಗುಡ್ಡಕ್ಕೆ ಬಂತು. ಮಳೆಗಾಲದ ರಜೆಯಲ್ಲಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪ್ರಶ್ನೆ ಕೇಳುತ್ತಿದ್ದೆ.

“ಕೊಚ್ಚಿ ಆದ ಮೇಲೆ ಎಲ್ಲಿ?”

“ಗೋವಾದಲ್ಲಿ. ತಾತ್ಕಾಲಿಕವಾಗಿ.”

“ಎಷ್ಟು ವರ್ಷ?”

“ಇಪ್ಪತ್ತರ ಮೇಲೆ.”

ಮೀನು ಹೆಚ್ಚುತ್ತಿದ್ದ ಅವ್ವಿ ತಲೆ ಎತ್ತಿದಳು. “ಅದೆಂತಾ ತಾತ್ಕಾಲಿಕವೋ! ನಿನ್ನ ಅಪ್ಪ ಬಚ್ಚಲಿಗೆ ಹೊದೆಸಿದ ತಗಡಿನ ಹಾಗೆ.”

ಜಗಲಿಯಿಂದ ಅಪ್ಪನ ದನಿ ಬಂತು. “ತಗಡು ಸೋರ್ತದ್ಯಾ? ಸೋರೂದಿಲ್ಲ ಅಲ್ದಾ? ಮತ್ತೆಂತ ನಿಂದು? ಮಗಾ, ಅಲ್ಲಿ ನಾಲ್ಕು ವರ್ಷ ಎಂತ ಕಲಿಸ್ತಾರೋ?”

“ಹಾಯಿದೋಣಿ ನಡೆಸೂದು, ಈಜೂದು, ನಕ್ಷತ್ರ ನೋಡಿ ದಿಕ್ಕು ಹಿಡಿಯೂದು...”

“ನಂಗೆ ನನ್ನ ಅಪ್ಪ ನಾಲ್ಕು ದಿನದಲ್ಲಿ ಕಲಿಸಿದ.”

“ಸಬ್‌ಮರೀನೂ ಕಲಿಸಿದ್ನಾ?”

“ಮುಳುಗೂದು ನಮಗೆ ಯಾರೂ ಕಲಿಸಬೇಕಂತಿಲ್ಲ ಮಾರಾಯಾ. ಮೇಲೆ ಏಳೂದು ಕಲಿಸ್ತಾರಾ, ಅದನ್ನ ಕೇಳು.”

ಆ ವರ್ಷ ನಮ್ಮ ಮನೆಯಲ್ಲಿ ನಗು ಹೆಚ್ಚಿತ್ತು ಎಂದು ನನಗೆ ಅನ್ನಿಸುತ್ತದೆ. ಮುಂದೆ ಆದದ್ದನ್ನು ನೋಡಿ ಹಿಂದಿನದಕ್ಕೆ ನಾನೇ ನಗು ಸೇರಿಸುತ್ತಿದ್ದೇನೋ ಎಂಬ ಅನುಮಾನವೂ ಇದೆ.

ಪರೀಕ್ಷೆ ಪಾಸಾಯಿತು. ಬೆಂಗಳೂರಿನಲ್ಲಿ ಸಂದರ್ಶನ ಮುಗಿದ ದಿನ ಅವನು ಫೋನ್ ಮಾಡಿ “ಅಕ್ಕಾ, ಆತು!” ಎಂದು ಕೂಗಿದ. ಅವನ ಗುಂಪಿನಲ್ಲಿ ಉಳಿದವರು ಇಬ್ಬರೇ ಅಂತೆ. ಇನ್ನೇನು, ವೈದ್ಯಕೀಯ ತಪಾಸಣೆ ಒಂದು ಬಾಕಿ. ಅವನಿಗೆ ಏನು ಕೊರತೆ? ಹೊಳೆಯ ಈ ದಡದಿಂದ ಆ ದಡಕ್ಕೆ ಭರತದ ಉಬ್ಬುನೀರಿನಲ್ಲಿ ಈಜುವವನು. ಅಪ್ಪ ಬಂದರಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದ.

ತಪಾಸಣೆಯಲ್ಲಿ ಕಿವಿ ನೋಡಿದ ಡಾಕ್ಟರು, ಬಲಗಿವಿಯ ತಮಟೆ ಹರಿದು ಬಹಳ ವರ್ಷ ಆಗಿದೆ, ಒಳಗಿನ ಮೂಳೆಯೂ ಸವೆದಿದೆ, ಕೇಳುವುದು ಕಡಿಮೆಯಾಗಿದೆ ಎಂದು ಬರೆದರು. ಸಮುದ್ರದ ಕೆಲಸಕ್ಕೆ ಇದು ನಡೆಯುವುದಿಲ್ಲ. ಆ ಡಾಕ್ಟರಮ್ಮ ಒರಟಾಗಿ ಹೇಳಲಿಲ್ಲವಂತೆ. ಅವನನ್ನು ಕೂರಿಸಿಕೊಂಡು, “ಚಿಕ್ಕವನಿದ್ದಾಗ ಯಾರಾದರೂ ಕೆನ್ನೆಗೆ ಹೊಡೆದಿದ್ದರಾ? ಕಿವಿ ಒದ್ದೆ ಇದ್ದಾಗ ಒಂದು ಏಟು ಬಿದ್ದರೂ ಹೀಗಾಗುತ್ತದೆ” ಎಂದು ಕೇಳಿದರಂತೆ.

ಊರಿಗೆ ಬಂದು ಇದನ್ನೆಲ್ಲ ಅವನು ಹೇಳುವಾಗ ಅಪ್ಪ ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತಿದ್ದ. ಕೈ ನಿಂತಿತು. ಸೂಜಿಯನ್ನು ಬಲೆಗೆ ಸಿಕ್ಕಿಸಿ ಪಕ್ಕಕ್ಕಿಟ್ಟ.

“ನಾನೇ,” ಎಂದ. “ಅವತ್ತು ನೀರಿನಲ್ಲಿ ಅಡಗಿ ಇವಳನ್ನ ಹೆದರಿಸಿದ್ಯಲ್ಲ. ಸಂಜೆ ಮನೆಗೆ ಬಂದ ಮೇಲೆ ನಾನೇ ಹೊಡೆದದ್ದು.”

ಅವ್ವಿ ಬಾಗಿಲಲ್ಲಿ ನಿಂತಿದ್ದಳು. ಅವಳು ಅಪ್ಪನನ್ನು ನೋಡದೆ ನನ್ನನ್ನು ನೋಡಿದಳು ಎಂದು ನನ್ನ ನೆನಪು. ಆದರೆ ಈ ಭಾಗವನ್ನು ನಾನು ನಂಬುವುದಿಲ್ಲ. ತಪ್ಪು ಮಾಡಿದವರಿಗೆ ಎಲ್ಲರೂ ತಮ್ಮನ್ನೇ ನೋಡಿದ ಹಾಗೆ ಕಾಣುವುದು ಇದ್ದದ್ದೇ.

ಅಪ್ಪ ಆ ಮಾತು ಆಡಿದ ಮೇಲೆ ನನಗೆ ಹೊಳೆಯ ಆ ದಿನ ನೆನಪಾಯಿತು. ನಾನು ಸೊಂಟಮಟ್ಟ ನೀರಿನಲ್ಲಿದ್ದೆ. ತಮ್ಮ ಮುಳುಗಿದ. ನಾನು ಮನಸ್ಸಿನಲ್ಲೇ ಎಣಿಸಿದೆ, ಅವನು ಏಳಲಿಲ್ಲ. ಮತ್ತೆ ಎಣಿಸಿದೆ. ಆಮೇಲೆ ಕಿರುಚಿದೆ. ಹೆಂಗಸರು ಬುಟ್ಟಿ ಬಿಟ್ಟು ಕೆಸರು ತುಳಿಯುತ್ತ ಬಂದರು, ಅವರಲ್ಲಿ ಅವ್ವಿಯೂ ಇದ್ದಳು. ಆಗ ದೋಣಿಯ ಆಚೆ ಬದಿಯಿಂದ ಅವನ ನಗು ಕೇಳಿತು. ನೀರಿನಡಿ ಹೋಗಿ ಅಲ್ಲಿ ಎದ್ದು ದೋಣಿ ಹಿಡಿದುಕೊಂಡು ನಿಂತಿದ್ದ. ನಾನು ಹಿಂದಿನಿಂದ ಹೋಗಿ ಹೊಡೆದೆ. ಅಂಗೈಯೂ ಒದ್ದೆ, ಕಿವಿಯೂ ಒದ್ದೆ. ಚಿಪ್ಪು ಒಡೆದಂಥ ಸದ್ದು.

ಇದು ನಡೆದದ್ದೇ? ಅಪ್ಪ ಎಡಚ. ಎದುರು ನಿಂತು ಹೊಡೆದರೆ ಅವನ ಕೈ ಬಲಗಿವಿಗೇ ಬೀಳಬೇಕು. ನಾನು ಬಲಗೈಯವಳು, ಎದುರಿನಿಂದ ಹೊಡೆದಿದ್ದರೆ ಎಡಗಿವಿಗೆ ಬೀಳುತ್ತಿತ್ತು. ಹಾಗಾದರೆ “ಹಿಂದಿನಿಂದ ಹೋಗಿ” ಎನ್ನುವುದನ್ನು, ಲೆಕ್ಕ ಸರಿಹೋಗಲಿ ಎಂದು ನಾನೇ ಹುಟ್ಟಿಸಿಕೊಂಡೆನೇ? ಡಾಕ್ಟರು “ಒದ್ದೆ ಕಿವಿ” ಎನ್ನುವ ತನಕ ಎಂಟು ವರ್ಷ ನನಗೆ ಆ ಸದ್ದು ಒಮ್ಮೆಯೂ ಕೇಳಿಸಿರಲಿಲ್ಲ. ಇನ್ನೊಬ್ಬರ ಮಾತಿನಿಂದ ಹುಟ್ಟಿದ ನೆನಪನ್ನು ಸಾಕ್ಷಿ ಎಂದು ಒಪ್ಪಬಾರದು. ಈಗ ನಾನು ಹೊನ್ನಾವರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ತರಗತಿಯಲ್ಲಿ ಹೇಳಿಕೊಡುವುದೂ ಅದನ್ನೇ. ಆದರೆ ಅಂಗೈಗೆ ಆದ ಉರಿ ಕೂಡ ನೆನಪಿದೆಯಲ್ಲ, ಅದನ್ನು ಏನು ಮಾಡಲಿ?

ಆ ದಿನ ಜಗಲಿಯಲ್ಲಿ ನಾನು ಬಾಯಿ ಬಿಡಬಹುದಿತ್ತು. “ನಾನೂ ಹೊಡೆದಿದ್ದೆ ಅಪ್ಪಾ” ಎಂದರೆ ಸಾಕಿತ್ತು. ಹೇಳಲಿಲ್ಲ. ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಮೇಲ್ಮನವಿಗೆ ಅವಕಾಶ ಇತ್ತು. ಕುಮಟಾದ ಕಿವಿ ಡಾಕ್ಟರಿಗೆ ತೋರಿಸಿದೆವು. ಅವರು ಬೆಳಕು ಬಿಟ್ಟು ನೋಡಿ, ನಿಟ್ಟುಸಿರು ಬಿಟ್ಟು, “ಮೊದಲು ಸಣ್ಣ ತೂತೇ ಆಗಿರಬೇಕು. ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು. ಸೋರುವ ಕಿವಿಯಲ್ಲೇ ಮತ್ತೆ ಮತ್ತೆ ಮುಳುಗಿದ್ದಾನೆ, ಮೇಲಿಂದ ಎಣ್ಣೆ ಬೇರೆ” ಎಂದರು. ಅವ್ವಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಗೋಡೆಯ ಕಡೆ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ, “ಎಲ್ಲರ ಮಕ್ಕಳಿಗೂ ಎಣ್ಣೆ ಬಿಟ್ಟಿದ್ರಲ್ಲೇ” ಎಂದಷ್ಟೇ ಹೇಳಿದಳು. ಎರಡನೇ ತಪಾಸಣೆಯಲ್ಲೂ ಅದೇ ಉತ್ತರ ಬಂತು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಕಿವಿ ಒಣಗಬಹುದು, ಸವೆದ ಮೂಳೆ ಮೊದಲಿನಂತಾಗುವುದಿಲ್ಲ. ಅಷ್ಟರಲ್ಲಿ ವಯಸ್ಸೂ ಮೀರುತ್ತದೆ.

“ಒಂದ್ಸಲ ನೋಡ್ಕಂಡು ಬರೋಣ್ವಾ?” ಎಂದು ತಮ್ಮ ಕೇಳಿದ್ದು ಅದಾದ ಮೇಲೆ. ಕುಮಟಾದಲ್ಲಿ ರೈಲು ಹತ್ತಿ ಪಯ್ಯನ್ನೂರಿನಲ್ಲಿ ಇಳಿದೆವು. ಬಸ್ಸು ಹಿಡಿದು ಗೇಟಿನ ತನಕ ಹೋದೆವು. ಕಾವಲಿನವನು ಸೌಜನ್ಯದಿಂದಲೇ ಪಾಸ್ ಕೇಳಿದ. ಇಲ್ಲ ಎಂದೆವು. ಒಳಗೆ ಯಾರಾದರೂ ಇದ್ದಾರಾ ಎಂದು ಕೇಳಿದ. ಅದಕ್ಕೂ ಇಲ್ಲ ಎಂದೆವು. ತಮ್ಮ ಅವನಿಗೆ “ಥ್ಯಾಂಕ್ಯೂ ಸರ್” ಎಂದು ಹೇಳಿದ ರೀತಿ ನನಗೆ ಈಗಲೂ ಸಹಿಸಲು ಆಗುವುದಿಲ್ಲ. ಸಂದರ್ಶನಕ್ಕೆಂದು ಕಲಿತಿದ್ದ ನೆಟ್ಟನೆಯ ನಿಲುವು ಅದು.

ಗುಡ್ಡದ ಬುಡದ ಮೀನುಗಾರರ ದಂಡೆಗೆ ಹೋಗಿ ಮರಳಿನ ಮೇಲೆ ಕೂತೆವು. ದೂರದಲ್ಲಿ ನಾಲ್ಕೋ ಐದೋ ಬಿಳಿ ಹಾಯಿದೋಣಿಗಳು, ಕೆಡೆಟ್‌ಗಳ ಅಭ್ಯಾಸ ಇರಬೇಕು. ಒಂದು ದೋಣಿ ಬೇರೆಯವುಗಳಿಂದ ದೂರ ಸರಿಯುತ್ತಿತ್ತು.

“ಆ ಮಗಂಗೆ ಇಳಿತ ಗೊತ್ತಾಗಲಿಲ್ಲ ನೋಡು,” ಎಂದ ತಮ್ಮ. “ಗಾಳಿ ಮಾತ್ರ ನೋಡ್ತಾ ಇದ್ದಾನೆ. ನೀರು ಎಳೀತದೆ ಅಂತ ಯಾರಾರೂ ಹೇಳ್ರೋ ಅವಂಗೆ.”

ಆಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ. ಹದಿನೆಂಟು ತುಂಬಿದವನು, ಮೀಸೆ ಬಂದವನು. ನಾನು ಅವನ ಬೆನ್ನಿನ ಮೇಲೆ ಕೈ ಇಡಲು ಹೋಗಿ ಕೈ ಹಿಂದೆಗೆದುಕೊಂಡೆ.

ನಾಲ್ಕು ವರ್ಷ ಕಳೆದು, ಅವನು ಸೇರಬೇಕಿದ್ದ ತಂಡ ತರಬೇತಿ ಮುಗಿಸಿತು. ಅಷ್ಟು ಹೊತ್ತಿಗೆ ತಮ್ಮ ಭಟ್ಕಳದ ಬಂದರಿನಲ್ಲಿ ದೋಣಿ ಇಂಜಿನ್ ರಿಪೇರಿ ಕಲಿತು, ಹೆಬಳೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ. ಆ ಶನಿವಾರ ಮಾತ್ರ ಬೆಳಗಿನ ಬಸ್ಸಿಗೆ ಮನೆಗೆ ಬಂದ. ಏಕೆಂದು ಹೇಳಲಿಲ್ಲ. ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ನೇರಪ್ರಸಾರ ಹಾಕಿದ. ಅಪ್ಪ ಅವನ ಎಡಕ್ಕೆ ಬಂದು ಕೂತ. ಜಗಲಿಯ ಆ ಮಾತಿನ ನಂತರ ಅಪ್ಪ ಅವನ ಎಡಕ್ಕೇ ಕೂರುತ್ತಿದ್ದ, ಕೇಳುವ ಕಿವಿಯ ಕಡೆ.

ಬಿಳಿ ಸಮವಸ್ತ್ರದ ಸಾಲುಗಳು. ಅವುಗಳ ನಡುವೆ ಹೊರದೇಶದ ಹುಡುಗರೂ ಇದ್ದರು, ಕರಾವಳಿ ಕಾವಲು ಪಡೆಗೆ ಹೋಗುವವರೂ ಇದ್ದರು. ತಮ್ಮನಿಗೆ ಎಲ್ಲವೂ ಗೊತ್ತಿತ್ತು. ಇವರು ಇಲ್ಲಿಂದ ಹಡಗು ಹತ್ತುತ್ತಾರೆ, ಅಲ್ಲಿ ಇನ್ನಷ್ಟು ತಿಂಗಳು ಕಲಿಯುತ್ತಾರೆ, ಮುಂದೆ ನೌಕಾಪಡೆಯಲ್ಲಿ ಆಜ್ಞೆ ಕೊಡುವವರು ಈ ಮೈದಾನದಿಂದಲೇ ಹೊರಡಬೇಕು ಎಂದು ವಿವರಿಸಿದ. ಕೊನೆಗೆ ಅವರು ನಿಧಾನದ ಹೆಜ್ಜೆಯಲ್ಲಿ ವಂದನೆಯ ಕಟ್ಟೆ ದಾಟಿ ಹೋದರು. ಅದು ಕೆಡೆಟ್ ಆಗಿ ಅವರ ಕೊನೆಯ ಹೆಜ್ಜೆಯಂತೆ. ಆಮೇಲೆ ತಾಯಿತಂದೆಯರು ಮೈದಾನಕ್ಕೆ ಬಂದು ಮಕ್ಕಳ ಹೆಗಲ ಮೇಲೆ ಏನನ್ನೋ ತೊಡಿಸತೊಡಗಿದರು.

“ಅದೆಂತ ಮಾಡ್ತಾ ಇದ್ದಾರೆ?” ಅಪ್ಪ ಕೇಳಿದ.

“ಪಟ್ಟಿ ಹಾಕ್ತಾರೆ. ಅಧಿಕಾರಿ ಆದ ಗುರುತು. ಅಪ್ಪ ಅವ್ವಿಯೇ ಹಾಕೂದು.”

“ಎರಡೂ ಹೆಗಲಿಗಾ?”

“ಹೌದು. ಒಂದಕ್ಕೆ ಅಪ್ಪ, ಒಂದಕ್ಕೆ ಅವ್ವಿ.”

ಅಪ್ಪನ ಎಡಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. “ನಂಗೆ ಆಗ್ತಿತ್ತೋ ಇಲ್ವೋ, ಅಷ್ಟು ಸಣ್ಣ ಗುಂಡಿ,” ಎಂದು ಎದ್ದು ಹಿತ್ತಲ ಕಡೆ ಹೋದ. ತಮ್ಮ ಪ್ರಸಾರ ಮುಗಿಯುವ ತನಕ ನೋಡಿದ. ಅವ್ವಿ ಅಕ್ಕಿ ಡಬ್ಬ ಬೇಕು ಎಂದು ಕೇಳದೆ ಕಾದಳು.

ಅಪ್ಪ ಸತ್ತದ್ದು ಮರುವರ್ಷದ ಮಳೆಗಾಲದಲ್ಲಿ, ದೋಣಿ ಇಳಿಸದ ದಿನಗಳಲ್ಲಿ, ಎದೆನೋವಿನಿಂದ. ಆಸ್ಪತ್ರೆಯಲ್ಲಿ ಇದ್ದದ್ದು ಎರಡು ದಿನ. ಮೊದಲನೇ ದಿನ ಅವನ ಹತ್ತಿರ ನಾನೊಬ್ಬಳೇ ಇದ್ದೆ. ಹೇಳಬೇಕು ಎಂದುಕೊಂಡೆ. ಸಲೈನ್ ಬಾಟಲಿ ಬದಲಿಸಲು ಬಂದ ನರ್ಸ್ ಹೋಗಲಿ ಎಂದು ಕಾದೆ. ಅವಳು ಹೋದಳು. ಅಪ್ಪ, “ಅವನಿಗೆ ಹೆಣ್ಣು ನೋಡುವಾಗ ಕಿವಿಯ ವಿಚಾರ ಮೊದಲೇ ಹೇಳಿಬಿಡಿ. ನಾನು ಹೊಡೆದು ಆದದ್ದು ಅಂತ ಹೇಳಿ, ಹುಟ್ಟಿನಿಂದ ಬಂದದ್ದಲ್ಲ ಅಂತ ಗೊತ್ತಾಗ್ಲಿ” ಎಂದ. ನಾನು “ಆತು ಅಪ್ಪಾ” ಎಂದೆ. ಅಷ್ಟೇ ಎಂದದ್ದು.

ವರ್ಷಾಂತಿಕ ಮುಗಿದ ಮೇಲೆ ಹೊನ್ನಾವರದಿಂದ ಬಸ್ಸು ಹತ್ತಿ ತಮ್ಮನ ಹತ್ತಿರ ಹೋದೆ. ಬಂದರಿನಲ್ಲಿ ಇಂಜಿನ್ ಬಿಚ್ಚಿಟ್ಟುಕೊಂಡು ಕೂತಿದ್ದ. ಪಕ್ಕದ ದೋಣಿಯವನೊಂದಿಗೆ ಕೊಂಕಣಿಯಲ್ಲಿ ಏನೋ ಜಗಳ, ಏನೋ ನಗು. ಚಾ ಕುಡಿಯುತ್ತ ಎಲ್ಲ ಹೇಳಿದೆ. ದೋಣಿ, ನಗು, ಹಿಂದಿನಿಂದ ಹೋದದ್ದು, ಅಂಗೈ. ಕೊನೆಗೆ ಆಸ್ಪತ್ರೆಯದು.

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿಕೊಂಡ. “ನೀನು ಹೊಡೆದದ್ದೂ ನೆನಪಿಲ್ಲ, ಅಪ್ಪ ಹೊಡೆದದ್ದೂ ನೆನಪಿಲ್ಲ ಮಾರಾಯ್ತಿ. ಇಬ್ಬರೂ ಒಂದೇ ಕಿವಿ ಹಿಡ್ಕಂಡಿರಲ್ಲ, ಪುಣ್ಯ. ಒಂದೊಂದು ಹಂಚ್ಕಂಡಿದ್ರೆ ಪೂರಾ ಕಿವುಡ ಆಗ್ತಿದ್ದೆ.”

“ತಮಾಷೆ ಅಲ್ಲ.”

“ನಂಗೂ ಅಲ್ಲ.” ಚಾ ಲೋಟ ಕೆಳಗಿಟ್ಟು ಹೇಳಿದ, “ಅಪ್ಪಂಗೆ ಒಂದು ಮಾತು ಹೇಳಬೇಕಾಗಿತ್ತು ಅಕ್ಕಾ ನೀನು. ನಿಜವೋ ಸುಳ್ಳೋ, ಹೇಳಬೇಕಾಗಿತ್ತು.” ಮತ್ತೆ ಇಂಜಿನಿನ ಮೇಲೆ ಬಗ್ಗಿದ.

ಸಂಜೆ ಅಪ್ಪ ಹೊಡೆದದ್ದು ನನಗೆ ನೆನಪಿಲ್ಲ, ತಮ್ಮನಿಗೆ ಯಾವುದೂ ನೆನಪಿಲ್ಲ. ಆ ದಿನ ಹೊಳೆಯಲ್ಲೂ ಸಂಜೆ ಮನೆಯಲ್ಲೂ ಇದ್ದು, ಎರಡನ್ನೂ ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವುದು ಅವ್ವಿ ಒಬ್ಬಳೇ. ಅವಳು ಸುಳ್ಳು ಹೇಳುವವಳಲ್ಲ. ನನ್ನನ್ನು ಉಳಿಸಲು ಇಷ್ಟು ವರ್ಷ ಸುಮ್ಮನಿದ್ದಳೋ, ಅಪ್ಪನ ಮಾತು ನಿಜವಾದ್ದರಿಂದ ಸುಮ್ಮನಿದ್ದಳೋ, ಅಥವಾ ಎಣ್ಣೆಯ ಬಟ್ಟಲು ಹಿಡಿದದ್ದು ತನ್ನ ಕೈ ಎಂದು ಸುಮ್ಮನಿದ್ದಳೋ, ನನಗೆ ತಿಳಿಯದು.

ಕಳೆದ ತಿಂಗಳು ಮನೆಗೆ ಹೋದಾಗ ಅವಳು ಅಂಗಳದಲ್ಲಿ ಬೇಯಿಸಿದ ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ನಾನೂ ಎದುರು ಕೂತು ಬಿಡಿಸತೊಡಗಿದೆ. ಯಾರು ಹೊಡೆದದ್ದು ಎಂದು ಕೇಳಿದರೆ ಅವಳು ಉತ್ತರಿಸುವುದಿಲ್ಲ ಎಂದು ಗೊತ್ತಿತ್ತು. ಹಾಗಾಗಿ ಬೇರೆ ಥರ ಕೇಳಿದೆ. ಅವಳ ಕೈ ನಿಲ್ಲಲಿಲ್ಲ, ತಲೆ ಎತ್ತಲಿಲ್ಲ. ಬಟ್ಟಲು ತುಂಬಿದ ಮೇಲೆ ಎದ್ದು ಒಳಗೆ ಹೋದಳು. ಅದಾದ ಮೇಲೆ ದಿನಾ ಸಂಜೆ ಫೋನ್ ಮಾಡುತ್ತಾಳೆ. ಬಾವಿಯ ನೀರು, ನೆರೆಮನೆಯ ಮದುವೆ, ತಮ್ಮನಿಗೆ ನೋಡಿ ಬಂದ ಹೆಣ್ಣು, ಎಲ್ಲ ಹೇಳುತ್ತಾಳೆ. ನಾನು ಕೇಳಿದ್ದು ಇಷ್ಟೇ:

“ಅವ್ವಿ, ಆ ಸಂಜೆ ಅಪ್ಪ ಕೈ ಎತ್ತುವ ಮೊದಲೇ ಅವ ಕಿವಿ ಹಿಡ್ಕಂಡು ಕೂತಿದ್ನಾ?”